ಮೂರು ತೂತು

ಲ್ಯಾಪ್‌ಟಾಪ್ ಹತ್ತು ಎಣಿಸುವುದರೊಳಗೆ ತೆರೆದುಕೊಂಡಿತು. ಮೊದಲಾದರೆ ಅದರ ಗುಂಡಿ ಒತ್ತಿ, ಸ್ನಾನ ಮುಗಿಸಿ, ಪ್ರಾರ್ಥನೆ ಮುಗಿಸಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಬಡಗಿ ಮೇಸ್ತ್ರಿಗಳು ಹೆಂಡತಿಯನ್ನು ಕೂಗಿದರು.

"ಬಾರೇ ಇಲ್ಲಿ. ಕತ್ತೆ ಹೋಗಿ ಕುದುರೆ ಆಗಿದೆ, ನೋಡು."

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಹಿಂದೆ ನಿಂತರು. ಮೇಸ್ತ್ರಿಗಳು ಪೆನ್‌ಡ್ರೈವ್ ಸಿಕ್ಕಿಸಿ, ಮಗಳ ಪಾಠಗಳ ಸಾಲಿನಲ್ಲಿ ಮೊದಲನೆಯದನ್ನು ಒತ್ತಿದರು. ಮಗಳು ಬರಲಿಲ್ಲ. ಇದು ಎಲ್ಲೂ ಸಿಗುತ್ತಿಲ್ಲ ಎಂದು ಹೇಳುವ ಸಣ್ಣ ಚೌಕವೊಂದು ಬಂತು. ಎರಡನೆಯದಕ್ಕೂ ಅದೇ ಚೌಕ. ಇಪ್ಪತ್ತನೆಯದಕ್ಕೂ ಅದೇ ಬಂದಾಗ ಹೆಂಡತಿ ಕೇಳಿದರು.

"ಏನ್ರೀ ಅದು? ಎಲ್ಲಿ ಅವಳು?"

ಮಗಳು ತೀರಿಕೊಂಡು ಏಳು ತಿಂಗಳಾಗಿತ್ತು. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದವಳು. ಒಂಬತ್ತು ವರ್ಷ, ವಾರಕ್ಕೊಂದು ದಿನ ಶಾಲೆಯಿಂದ ಬಂದು, ಗೋಡೆಗೆ ನೀಲಿ ಬಟ್ಟೆ ಕಟ್ಟಿ, ಅದರ ಮುಂದೆ ನಿಂತು ಕೈಸನ್ನೆಯಲ್ಲಿ ಪಾಠ ಹೇಳಿ ವಿಡಿಯೋ ಮಾಡಿಟ್ಟಿದ್ದಳು. ಆವಿ, ಬೇರು, ಭೂಕಂಪ, ನಾಚಿಕೆ, ಹೀಗೆ ಯಾವ ಪದಕ್ಕೆ ತಕ್ಕ ಸನ್ನೆ ಸಿಗಲಿಲ್ಲವೋ ಅದಕ್ಕೆ ಮಕ್ಕಳೊಡನೆ ಕೂತು ಸನ್ನೆ ಹುಟ್ಟಿಸಿದ್ದಳು. ಮುನ್ನೂರು ಪಾಠ ದಾಟಿದ್ದವು. ಅವನ್ನು ಲ್ಯಾಪ್‌ಟಾಪಿನ ಸಮೇತ ಶಾಲೆಗೇ ಕೊಡುವುದೆಂದು ಮೇಸ್ತ್ರಿಗಳು ನಿಶ್ಚಯಿಸಿ, ಹೆಡ್ ಮಿಸ್‌ಗೆ ಮಾತನ್ನೂ ಕೊಟ್ಟಿದ್ದರು. ಆದರೆ ಒಂದು ಪಾಠ ತೆರೆಯುವಷ್ಟರಲ್ಲಿ ಮಕ್ಕಳು ಬೆಂಚು ಬಿಟ್ಟು ಏಳುತ್ತವೆ. ವೇಗ ಮಾಡಿಸಿಯೇ ಕೊಡೋಣ ಎಂದರು.

"ನಿಧಾನ ಇದ್ರೆ ಇರ್ಲಿ ಬಿಡಿ," ಎಂದಿದ್ದರು ಹೆಂಡತಿ. "ನಮಗೇನು ರೈಲು ತಪ್ಪುತ್ತಾ? ಅವಳ ಕೈ ಮುಟ್ಟಿದ್ದು. ಹಾಗೇ ಇರ್ಲಿ."

ಮೇಸ್ತ್ರಿಗಳು ಕೇಳಲಿಲ್ಲ. ರಿಪೇರಿಯವನು ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಎಂಬ ವೇಗದ ಹೊಸ ಡಿಸ್ಕ್ ಹಾಕುವುದಾಗಿ ಹೇಳಿ, ಒಳಗಿರುವುದನ್ನೆಲ್ಲ ತಾನೇ ಇಳಿಸಿ ಕೊಡಲೇ ಎಂದು ಕೇಳಿದ. "ಬೇಡಪ್ಪ. ನನ್ನ ಮಗಳದ್ದು. ನಾನೇ ಮಾಡ್ತೀನಿ," ಎಂದರು. ಪರದೆಯ ಮೇಲೆ ಸಾಲಾಗಿ ಕಾಣುತ್ತಿದ್ದ ಪಾಠಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡರು. ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಆಗಿಹೋಯಿತು. ಎರಡು ಸಲ ಅಳೆದು ಒಂದು ಸಲ ಕೊಯ್ಯುವ ಕಸುಬು ಅವರದು. ಪೆನ್‌ಡ್ರೈವಿನಿಂದಲೇ ನಾಲ್ಕಾರು ಪಾಠ ತೆರೆದು ನೋಡಿದರು. ನೀಲಿ ಬಟ್ಟೆಯ ಮುಂದೆ ಮಗಳು ಬಂದು ನಿಂತಳು, ನಕ್ಕಳು, ಕೈಯಾಡಿಸಿದಳು. ಆಮೇಲೆಯೇ ರಿಪೇರಿಗೆ ಕೊಟ್ಟದ್ದು.

ಈಗ ಅಂಗಡಿಯಲ್ಲಿ ರಿಪೇರಿಯವನು ಪೆನ್‌ಡ್ರೈವ್ ಸಿಕ್ಕಿಸಿ ಪರದೆಯತ್ತ ಬೆರಳು ತೋರಿಸಿದ.

"ಯಜಮಾನ್ರೇ, ಪ್ರತಿಯೊಂದರ ಮೂಲೇಲೂ ಸಣ್ಣ ಬಾಣ ಇದೆ ನೋಡಿ. ಇವು ಪಾಠ ಅಲ್ಲ. ಪಾಠ ಎಲ್ಲಿದೆ ಅಂತ ದಾರಿ ತೋರಿಸೋವು. ನೀವು ಮನೆ ತಂದಿಲ್ಲ, ಬಾಗಿಲ ಮೇಲಿನ ಹೆಸರಿನ ಹಲಗೆ ಕಿತ್ಕೊಂಡು ಬಂದಿದೀರಿ."

"ನಾನು ತೆರೆದು ನೋಡಿದೀನಪ್ಪ. ಬಂದ್ಳು."

"ಆಗ ಹಳೇ ಡಿಸ್ಕ್ ಒಳಗೇ ಇತ್ತಲ್ಲ, ಅದಕ್ಕೇ ಬಂದ್ರು. ಪರವಾಗಿಲ್ಲ, ಹಳೇದನ್ನ ನಿಮ್ಮ ಕೈಗೇ ಕೊಟ್ಟಿದೀನಿ. ತಂದುಬಿಡಿ, ಅರ್ಧ ಗಂಟೆ ಕೆಲಸ."

ಮೇಸ್ತ್ರಿಗಳು ಅಂಗಿಯ ಜೇಬಿನಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟರು. ನಡುವೆ ಮೂರು ತೂತು. ಸಮ ಅಂತರದಲ್ಲಿ, ಅಂಚು ಒಂದಿಷ್ಟೂ ಏಳದಂತೆ ಕೊರೆದ ತೂತುಗಳು.

"ಯಾರು ಮಾಡಿದ್ದು ಇದನ್ನ?"

"ನಾನೇ. ಕಂಡಲ್ಲಿ ಬಿಸಾಡಬೇಡಿ, ಜನ ಒಳಗಿರೋದನ್ನ ತೆಗೀತಾರೆ ಅಂದ್ಯಲ್ಲ. ಹೆಣ್ಣು ಮಗಳ ಮುಖ. ಕಂಡವರ ಕೈಗೆ ಹೋಗೋದು ಬೇಡ ಅಂತ."

ರಿಪೇರಿಯವನು ಡಿಸ್ಕನ್ನು ಅಲುಗಿಸಿದ. ಒಳಗೆ ಚೂರುಗಳು ಸರಿದಾಡಿದ ಸದ್ದಾಯಿತು. ಅವನು ಅದನ್ನು ಎರಡೂ ಕೈಯಿಂದ ಮೆಲ್ಲಗೆ ಕೆಳಗಿಟ್ಟು, ಇದನ್ನು ಇನ್ನು ಯಾರೂ ತೆರೆಯಲಾರರು ಎಂದ.

ಮನೆಗೆ ಬಂದು ಹೇಳಿದಾಗ ಹೆಂಡತಿ ಅಳಲಿಲ್ಲ. "ಅವಳನ್ನ ದೇವರು ತಗೊಂಡ. ಉಳಿದಿದ್ದನ್ನ ನೀವು ತಗೊಂಡ್ರಿ," ಎಂದರು. ಆಮೇಲೆ ಮೂರು ದಿನ ಮಾತಿಲ್ಲ. ತಟ್ಟೆ ಇಡುತ್ತಿದ್ದರು, ಬಡಿಸುತ್ತಿದ್ದರು, ಮುಖ ನೋಡುತ್ತಿರಲಿಲ್ಲ.

ನಾಲ್ಕನೆಯ ದಿನ ಮೇಸ್ತ್ರಿಗಳು ಶಾಲೆಗೆ ಹೋದರು. ಹೆಡ್ ಮಿಸ್ ಎಂದರೆ ಇವರ ಮಗಳೊಡನೆ ಒಂದೇ ಡಬ್ಬಿಯಲ್ಲಿ ಉಂಡವರು. ಬೈಯುತ್ತಾರೆ, ಬೈದರೆ ಒಳಗಿನದು ಸ್ವಲ್ಪ ಇಳಿಯುತ್ತದೆ ಎಂದುಕೊಂಡೇ ಅವರು ದಾರಿ ಸವೆಸಿದ್ದರು. ಎಲ್ಲವನ್ನೂ ಬಿಡದೆ ಹೇಳಿದರು.

"ಅಯ್ಯೋ, ಇಷ್ಟಕ್ಕೆ ಯಾಕೆ ಬಿಸಿಲಲ್ಲಿ ಬಂದ್ರಿ ಅಂಕಲ್? ಒಂದು ಫೋನ್ ಮಾಡಿದ್ರೆ ಸಾಕಿತ್ತು," ಎಂದು ಹೆಡ್ ಮಿಸ್ ಕುರ್ಚಿ ಎಳೆದು ಕೊಟ್ಟರು. "ನೀವು ಮನಸ್ಸಿಗೆ ಹಚ್ಕೋಬೇಡಿ. ಈಗ ಎಲ್ಲಾ ಪಾಠ ರೆಡಿಮೇಡ್ ಸಿಗುತ್ತೆ. ಹೋದ ತಿಂಗಳೇ ತರಿಸಿಬಿಟ್ವಿ. ನೀವು ಕೊಡ್ತೀನಿ ಅಂದಾಗ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ, ಅಷ್ಟೇ. ಟೀ ಕುಡೀತೀರಾ?"

ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಗೋಡೆಯ ಪರದೆಯಲ್ಲಿ ಯಾರೋ ಹೆಂಗಸು ಕೈಯಾಡಿಸುತ್ತಿದ್ದಳು. ಮಕ್ಕಳ ಕೈಗಳೂ ಹಾಗೇ ಆಡುತ್ತಿದ್ದವು. ಕೆಳಗೆ ದೊಡ್ಡಕ್ಷರದಲ್ಲಿ 'ನಾಚಿಕೆ' ಎಂದಿತ್ತು. ಆ ಸನ್ನೆ ಮೇಸ್ತ್ರಿಗಳಿಗೆ ಗೊತ್ತಿತ್ತು. ಮಗಳು ಅಡುಗೆಮನೆಯಲ್ಲಿ, ಹಜಾರದಲ್ಲಿ, ಒಂದು ವಾರ ಅದನ್ನೇ ತಿದ್ದಿದ್ದಳು. ಇದು ಅದಾಗಿರಲಿಲ್ಲ. ಮಕ್ಕಳು ತಡವರಿಸದೆ ಹೊಸದನ್ನೇ ಮಾಡಿದವು. ಮೇಸ್ತ್ರಿಗಳು ಟೀ ಬೇಡವೆಂದು ಎದ್ದರು.

ಅವರು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ಹೆಂಡತಿಯ ದನಿ ಬಂತು.

"ಏನಂದ್ರು?"

ಮೇಸ್ತ್ರಿಗಳು ಗೋಡೆ ಹಿಡಿದು ನಿಂತರು. "ಅತ್ತುಬಿಟ್ರು."

"ಯಾರು?"

"ಹೆಡ್ ಮಿಸ್. ತಲೆ ಮೇಲೆ ಕೈ ಹೊತ್ತು ಕೂತ್ರು. ನನಗೆ ಬಾಯಿಗೆ ಬಂದ ಹಾಗೆ ಬೈದ್ರು. ಒಂಬತ್ತು ವರ್ಷದ ಕೆಲಸ, ಅಂಥದ್ದು ಇನ್ನೆಲ್ಲಿ ಸಿಗುತ್ತೆ ಅಂತ."

"ಬೈಲಿ. ಬೈಬೇಕಾದ್ದೇ," ಎಂದು ಹೆಂಡತಿ ಹೊರಗೆ ಬಂದು ಅವರ ಮುಖ ನೋಡಿದರು. "ಮಕ್ಕಳು?"

"ಮಕ್ಕಳು ಅವಳು ಕಲಿಸಿದ್ದನ್ನೇ ಮಾಡ್ತಿವೆ."

ಹೆಂಡತಿ ಹೊಸಿಲಲ್ಲೇ ಕುಸಿದು, ಸೆರಗು ಬಾಯಿಗೊತ್ತಿ ಅತ್ತರು. ಏಳು ತಿಂಗಳಲ್ಲಿ ಅವರು ಹಾಗೆ ಅತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, "ಕೈಕಾಲು ತೊಳ್ಕೊಂಡು ಬನ್ನಿ, ಊಟ ಆರುತ್ತೆ," ಎಂದರು.

ಸಂಜೆ ಇಬ್ಬರೂ ದೇವರ ಮುಂದೆ ಕೂತರು. ಹೆಂಡತಿ ಗಟ್ಟಿಯಾಗಿ ಬೇಡಿಕೊಂಡರು. ಮೇಸ್ತ್ರಿಗಳು ತುಟಿ ಅಲ್ಲಾಡಿಸದೆ ಬೇಡಿಕೊಂಡರು: ದೇವರೇ, ಅವಳನ್ನು ನಿನ್ನ ಹತ್ತಿರ ಚೆನ್ನಾಗಿ ಇಟ್ಟುಕೋ. ಅವಳ ಆತ್ಮಕ್ಕೆ ಶಾಂತಿ ಕೊಡು. ನಾನು ಮಾಡಿದ್ದು ಅವಳಿಗೆ ತಿಳಿದರೆ ತಿಳಿಯಲಿ, ಅಪ್ಪನನ್ನು ಬೈದುಕೊಳ್ಳಲಿ. ಇವತ್ತು ಶಾಲೆಯಲ್ಲಿ ನಾನು ಕೇಳಿ ಬಂದದ್ದು ಮಾತ್ರ ಅವಳ ತನಕ ಹೋಗದಿರಲಿ.