ಹೊತ್ತು ಮುಳುಗುವ ಮೊದಲು ಇತದಕಿಮಾಸು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿದ್ದರೆ ಉಪವಾಸವಿಲ್ಲ.’ ಗಾದೆ ಹೀಗಿಲ್ಲ ಎನ್ನುವವರು ತಿದ್ದಿಕೊಳ್ಳಲಿ. ರಿಪ್ಪನ್‌ಪೇಟೆಯ ದೇವಕುಮಾರರ ಮನೆಯಲ್ಲಿ ನಡೆದದ್ದು ಮಾತ್ರ ಹೀಗೆಯೇ, ಒಂದಕ್ಷರ ಸುಳ್ಳಿಲ್ಲ.

ಮಗಳು ಶ್ರದ್ಧಾ ನರ್ಸಿಂಗ್ ಮುಗಿಸಿ, ಜಪಾನಿನಲ್ಲಿ ಮುದುಕರ ಆರೈಕೆಯ ಕೆಲಸಕ್ಕೆಂದು ಸಾಗರದಲ್ಲಿ ಆ ಭಾಷೆ ಕಲಿಯುತ್ತಿದ್ದಳು. ಆ ವಾರದ ಪದ ‘ಇತದಕಿಮಾಸು’. ಉಣ್ಣುವ ಮೊದಲು ಕೈಮುಗಿದು ಹೇಳಬೇಕು; ವಿನಯದಿಂದ ಸ್ವೀಕರಿಸುತ್ತೇನೆ ಎಂದರ್ಥ.

“ಬಾಯಿಪಾಠ ಬೇಡ. ಮನೇಲಿ ಎಲ್ರ ಜೊತೆ ಕೂತು ಹೇಳಿ,” ಎಂದಿದ್ದರು ಟೀಚರ್.

ಎಲ್ಲರೂ ಜೊತೆಗೆ ಕೂರುವುದೇ ಆ ಮನೆಯಲ್ಲಿ ನಿಂತುಹೋಗಿತ್ತು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ಅಮ್ಮ ಜಿನಮ್ಮ ಇದ್ದಾಗ ಸಂಜೆ ಅಡುಗೆಮನೆಯಿಂದಲೇ ಕೂಗಿ, ಮುಂಭಾಗದ ಪಾತ್ರೆ ಅಂಗಡಿಯಲ್ಲಿದ್ದ ಗಂಡನನ್ನು ಎಬ್ಬಿಸುತ್ತಿದ್ದಳು. ಅವಳು ತೀರಿಹೋಗಿ ಮೂರು ತಿಂಗಳು. ಮಕ್ಕಳು ಕರೆದರೆ ದೇವಕುಮಾರರು “ಬಂದೆ” ಎನ್ನುವರು, ಬಾರರು. ಕತ್ತಲಾದ ಮೇಲೆ ಒಳಬಂದು, “ಹೊತ್ತು ಮುಳುಗ್ತಲ್ಲ, ಇನ್ನು ನಾಳೆಗಾಯ್ತು,” ಎಂದು ಮಲಗಿಬಿಡುವರು. ಅಂಗಿ ಹೆಗಲಿನಿಂದ ಜಾರುವಷ್ಟು ಇಳಿದಿದ್ದರು.

ಮಗಳು ಪದ ಹೇಳಿಕೊಟ್ಟಾಗ ಕೇಳಿದರು, “ಇದನ್ನ ಯಾರಿಗೆ ಹೇಳೋದು?”

“ಅಡುಗೆ ಮಾಡ್ದವ್ರಿಗೂ ಸೇರುತ್ತಂತೆ ಅಪ್ಪ.”

“ಮಾಡೋಳೇ ಹೋದ್ಲಲ್ಲ.”

ಶ್ರದ್ಧಾ ಮಾಡಿಟ್ಟ ಸಾರು ಒಲೆಯ ಮೇಲೇ ಆರಿತು. ಇವರನ್ನು ಹೀಗೆ ಬಿಟ್ಟು ಯಾರದೋ ಊರಿನ ಮುದುಕರಿಗೆ ಉಣಿಸಲು ಹೇಗೆ ಹೋಗುವುದು? ಅವಳು ಪುಸ್ತಕ ಮುಚ್ಚಿಟ್ಟಳು.

ತಮ್ಮ ಸಮ್ಯಕ್ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮನ್ನೂ ಬಿಡದೆ ಅಣಕಿಸುವವ. ಮರುದಿನ ಸಂಜೆ, “ನೀ ತಟ್ಟೆ ಹಾಕು, ಮಾತಾಡ್ಬೇಡ,” ಎಂದು ಅಡುಗೆಮನೆಯ ಬಾಗಿಲ ಹಿಂದೆ ನಿಂತ.

“ರೀ, ಹೊತ್ತು ಮುಳುಗ್ತದೆ. ಬರ್ತೀರಾ, ತಟ್ಟೆ ಎತ್ತಿಡ್ಲಾ?”

ಅಮ್ಮನದೇ ದನಿ. ಅಂಗಡಿಯಲ್ಲಿ ಪಾತ್ರೆಯೊಂದು ಉರುಳಿತು.

“ಬಂದೆ ಮಾರಾಯ್ತಿ,” ಎನ್ನುತ್ತಲೇ ದೇವಕುಮಾರರು ಬಂದು, ಕೈತೊಳೆದು, ಕೂತು, ಅನ್ನ ಕಲೆಸಿ ತುತ್ತು ಬಾಯಿಗಿಟ್ಟರು. ಆಮೇಲೆ ದವಡೆ ನಿಂತಿತು. ಬಾಗಿಲ ಕಡೆ ನೋಡಿದರು.

ಸಮ್ಯಕ್ ಈಚೆ ಬಂದ. ಮುಖ ಬಿಳಿಚಿತ್ತು. “ತಪ್ಪಾಯ್ತಪ್ಪ.”

ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಶ್ರದ್ಧಾ ಬೇರೇನೂ ತೋಚದೆ ತನ್ನ ತಟ್ಟೆಯ ಮುಂದೆ ಕೂತು, ಕೈಮುಗಿದು “ಇತದಕಿಮಾಸು” ಎಂದಳು. ಬೇಡಿಕೊಂಡಂತೆ ಕೇಳಿಸಿತು.

ದೇವಕುಮಾರರು ತುತ್ತು ನುಂಗಿದರು.

“ಲೋ, ಇಪ್ಪತ್ತಾರು ವರ್ಷದಲ್ಲಿ ಅವ್ಳು ಇಷ್ಟು ಮೆತ್ತಗೆ ಒಂದಿನ ಕರ್ದಿದ್ಲೇನೋ?”

ಮೊದಲು ಶ್ರದ್ಧಾ ನಕ್ಕಳು, ಆಮೇಲೆ ಸಮ್ಯಕ್. ಕೊನೆಗೆ ಶುರುವಾದ ದೇವಕುಮಾರರ ನಗು, ಕಣ್ಣೀರು ತಟ್ಟೆಗೇ ಬೀಳುತ್ತಿದ್ದರೂ, ಇಬ್ಬರದನ್ನೂ ಮೀರಿ ಅಂಗಡಿಯ ಪಾತ್ರೆಗಳ ತನಕ ಕೇಳಿಸಿತು.