ಜಾಲರಿಯಿಂದ ಬರುವ ಕೆಮ್ಮು

"ಆ ಕೆಮ್ಮು ನಿಲ್ಸೋಕೆ ಹೇಳೋ, ಬೋಳಿಮಗನೆ! ಗಾಜಿನಾಚೆ ದೊಡ್ಡೋರು ಮೀಟಿಂಗಿಗೆ ಕೂತಿರೋದು ಕಾಣಲ್ವಾ? ಏಸಿ ಜಾಲರಿಯಿಂದೆಲ್ಲ ಅವನ ಕೆಮ್ಮೇ ಬರ್ತಿದೆ!"

ಮ್ಯಾನೇಜರ್ ಅಷ್ಟಕ್ಕೇ ಬಿಡಲಿಲ್ಲ. ಬಗ್ಗಿ, ಧೂಳೆಳೆಯುವ ಮಷೀನಿನ ಪ್ಲಗ್ಗನ್ನೂ ಕಿತ್ತ.

ಏಣಿಯ ಮೇಲಿದ್ದ ಅಳಿಯ ಥಟ್ಟನೆ ಕೆಳಗೆ ನೋಡಿದ. ಮಾವ ಚಾವಣಿಯ ಏಸಿ ಡಕ್ಟಿನ ತಗಡು ಕೊಳವೆಯೊಳಗೆ ಬೋರಲು ಮಲಗಿ, ಧೂಳು ಕೆರೆಯುತ್ತ ತುಂಬ ದೂರ ತೆವಳಿಬಿಟ್ಟಿದ್ದ. ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಅಳಿಯನ ಕೈಯಲ್ಲಿತ್ತು. ಆ ತಗಡಿನ ಇಕ್ಕಟ್ಟಿನಲ್ಲಿ ಅಳಿಯನ ಭುಜ ಹಿಡಿಸುತ್ತಿರಲಿಲ್ಲ. "ನಿಮ್ಮತ್ತೆ ಇಷ್ಟು ವರ್ಷ ನಂಗೆ ಹೊಟ್ಟೆಗೆ ಸರಿಯಾಗಿ ಹಾಕ್ದೆ ಇದ್ದಿದ್ದು ಇದಕ್ಕೇ ಕಣಪ್ಪಾ" ಎಂದು ನಗುತ್ತಲೇ ಮುದುಕ ನುಗ್ಗಿದ್ದ.

"ಸಾರ್, ಮಷೀನ್ ನಿಂತ್ರೆ ಕೆರೆದ ಧೂಳೆಲ್ಲ ಒಳಗೇ ಉಳ್ಕೊಳ್ಳುತ್ತೆ. ಮುದುಕಂಗೆ ಉಸಿರು ಕಟ್ಟುತ್ತೆ ಸಾರ್."

"ಮೀಟಿಂಗ್ ಮುಗಿಯೋವರೆಗೆ ಬಾಯಿ ಮುಚ್ಕೊಂಡು ಬಿದ್ದಿರೋಕಾಗಲ್ವಾ?"

"ಹಂಗಾದ್ರೆ ಆಚೆಗೆ ಎಳ್ಕೊಳ್ತೀನಿ."

"ಎಳೀತೀಯಾ? ತಗಡು ಡಬಡಬ ಅನ್ನಿಸೋಕಾ? ಇನ್ನೊಂದು ಸದ್ದಾಗ್ಲಿ, ನಾಳೆಯಿಂದ ಇಬ್ರೂ ಈ ಕಡೆ ತಲೆ ಹಾಕಂಗಿಲ್ಲ."

ಅಳಿಯ ಡಕ್ಟಿನ ಬಾಯಿಗೆ ಮುಖವೊಡ್ಡಿ ಪಿಸುಗುಟ್ಟಿದ. "ಮಾವ, ಕೆಮ್ಮಬೇಡಿ. ಒಂಚೂರು ತಡ್ಕೊಳ್ಳಿ."

"ಆಗ್ಲಪ್ಪಾ."

ಆಮೇಲೆ ಬಟ್ಟೆಯಲ್ಲಿ ಅದುಮಿಟ್ಟ ಕೆಮ್ಮು. ಹಗ್ಗ ಜಗ್ಗಿತು. ಎಳೆದುಕೋ ಎನ್ನುವುದಕ್ಕೆ ಅವರಿಬ್ಬರ ಗುರುತು ಅದು. ಅಳಿಯ ಮ್ಯಾನೇಜರನ ಕಡೆ ನೋಡಿದ. ಅವನು ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ. ಎಳೆಯಲೇ? ಎಳೆದರೆ ಎರಡು ಮನೆಯ ಒಲೆ ಆರುತ್ತದೆ. ಇನ್ನೊಂದು ಗಳಿಗೆ ತಡೆದರೆ ಏನಾದೀತು? ಮಾವ ಗಟ್ಟಿಗ, ತಡೆದಾನು. ಹಗ್ಗ ಮತ್ತೆ ಜಗ್ಗಿತು, ಈ ಸಲ ಮೆಲ್ಲಗೆ. ಅಳಿಯ ಅದನ್ನು ಬೆವೆತ ಅಂಗೈಯಲ್ಲಿ ಸುಮ್ಮನೆ ಹಿಡಿದುಕೊಂಡೇ ಇದ್ದ.

ಕೆಮ್ಮು ನಿಂತಿತು.

"ನೋಡ್ದಾ?" ಮ್ಯಾನೇಜರ್ ಹಲ್ಲು ಕಿರಿದ. "ಮನಸ್ಸು ಮಾಡಿದ್ರೆ ಆಗುತ್ತೆ. ಎಲ್ಲಾ ನಾಟ್ಕ ನಿಮ್ದು."

ಅಳಿಯ ಹಗ್ಗವನ್ನು ತುಸುವೇ ಎಳೆದು ನೋಡಿದ. ಮರುಜಗ್ಗು ಬರಲಿಲ್ಲ. ಭಾರ ಮಾತ್ರ ಇತ್ತು.

"ಮಾವಾ!" ಅವನು ಡಕ್ಟಿನೊಳಕ್ಕೆ ಗಂಟಲು ಹರಿಯುವಂತೆ ಕೂಗಿದ. "ಕೆಮ್ಮು ಮಾವಾ! ಯಾವ ನನ್ಮಗ ಏನಂತಾನೋ ನೋಡೇಬಿಡ್ತೀನಿ, ಕೆಮ್ಮೋ!"

ಕೂಗುತ್ತಲೇ ಎರಡೂ ಕೈಯಿಂದ ಹಗ್ಗ ಎಳೆಯತೊಡಗಿದ. ಮ್ಯಾನೇಜರ್ ಅವನ ಕಾಲು ಹಿಡಿದು ಜಗ್ಗಿದ. ಅವನು ಬಿಡಲಿಲ್ಲ. ಚಾವಣಿಯುದ್ದಕ್ಕೂ ತಗಡು ಡಬಡಬ ಬಡಿದುಕೊಂಡಿತು. ಗಾಜಿನಾಚೆ ಕೂತವರೆಲ್ಲ ತಲೆಯೆತ್ತಿ ಜಾಲರಿ ನೋಡಿದರು. ಅವರ ಟೀ ಕಪ್ಪುಗಳ ಮೇಲೆ ಕಪ್ಪು ಧೂಳು ಉದುರುತ್ತಿತ್ತು.

ಕೆಮ್ಮು ಬರಲಿಲ್ಲ.