ನಾಲ್ಕು ಬೆರಳು ಜಾಗ

ಹೂವಿನ ಹಿಪ್ಪರಗಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ಮುಂಜಾನೆಯ ಬಸ್ಸಿಗೆ ಜನರಿಗಿಂತ ಮೊದಲು ಬುತ್ತಿ ಡಬ್ಬಿಗಳು ಹತ್ತುತ್ತವೆ. ಅಲ್ಲಿ ರೂಮು ಮಾಡಿಕೊಂಡು ಕಾಲೇಜು ಓದುವ ಮಕ್ಕಳಿಗೆ ಮನೆಯ ರೊಟ್ಟಿಯೇ ಆಗಬೇಕು. ಸುಂದರವ್ವನೂ ಮಗಳು ಸಾಕ್ಷಿಯ ಡಬ್ಬಿಯನ್ನು ಕಂಡಕ್ಟರ್ ನಿಜಾಮುದ್ದೀನನ ಕೈಗೆ ಕೊಟ್ಟು ಬರುತ್ತಾಳೆ. ಸಂಜೆ ಅದೇ ಬಸ್ಸಿಗೆ ಡಬ್ಬಿ ವಾಪಸು. ಒಂದೂವರೆ ವರ್ಷದಿಂದ ತಾಯಿ ಮಗಳ ನಡುವೆ ಓಡಾಡುವುದು ಇದೊಂದೇ. ಹೋಗುವಾಗ ತುಂಬಿರುತ್ತದೆ, ಬರುವಾಗ ಖಾಲಿ.

ಫೋನಿಲ್ಲವೇ ಎಂದರೆ ಇದೆ. ಆದರೆ ಅದರಲ್ಲಿ ಹಾಡಿದ್ದೇ ಹಾಡು. “ಉಂಡೇನವ್ವಾ. ಆರಾಮ ಅದೇನಿ. ಬರಿಯೋದು ಭಾಳ ಐತಿ, ಇಡ್ತೇನಿ.”

ಮೊದಲು ಹೀಗಿರಲಿಲ್ಲ. ಊರ ಶಾಲೆಯಲ್ಲಿ ಗುರುರಾಜ ಮಾಸ್ತರರು ಮಕ್ಕಳಿಗೆ ನೋಟ್ಸ್ ಬರೆಯುವ ಪದ್ಧತಿಯೊಂದನ್ನು ಹಾಕಿಕೊಟ್ಟಿದ್ದರು. ಹಾಳೆಯ ಎಡಕ್ಕೊಂದು ಗೆರೆ ಎಳೆಯಬೇಕು. ಬಲಕ್ಕೆ ಪಾಠ, ಅದೂ ಹೇಳಿದ್ದೆಲ್ಲ ಅಲ್ಲ, ತಿರುಳಷ್ಟೇ. ಎಡಕ್ಕೆ ಅದರಿಂದ ಏಳುವ ಪ್ರಶ್ನೆ. ಕೆಳಗೆ ನಾಲ್ಕು ಬೆರಳು ಜಾಗ ಖಾಲಿ. ಸಂಜೆ ಪುಸ್ತಕ ಮುಚ್ಚಿಟ್ಟು ಮನೆಯವರಿಗೆ ಪಾಠ ಹೇಳಬೇಕು. ಹೇಳಲು ಬಂದರೆ ಮಾತ್ರ ಅದನ್ನು ಎರಡು ಸಾಲು ಮಾಡಿ ಆ ಖಾಲಿ ಜಾಗದಲ್ಲಿ ಬರೆಯಬೇಕು. “ನಿಮ್ಮವ್ವಗ ತಿಳೀಲಿಲ್ಲಂದ್ರ ನಿನಗೂ ತಿಳಿದಿಲ್ಲಂತನ ಅರ್ಥ,” ಎನ್ನುತ್ತಿದ್ದರು ಮಾಸ್ತರರು.

ಹಾಗಾಗಿ ಸುಂದರವ್ವ ರೊಟ್ಟಿ ಬಡಿಯುವಾಗ ಸಾಕ್ಷಿ ಒಲೆಯ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು. ಗ್ರಹಣ ಯಾಕೆ ಹಿಡಿಯುತ್ತದೆ, ಮೈಯಲ್ಲಿ ರಕ್ತ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಎಲ್ಲ. “ಕೋಣನ ಮುಂದ ಕಿನ್ನರಿ ಬಾರಿಸಾಕತ್ತೀಯಲ್ಲವಾ,” ಎಂದು ಗಂಡ ಶಂಕ್ರೆಪ್ಪ ಚೇಷ್ಟೆ ಮಾಡಿದರೆ, “ನೀವು ಸುಮ್ನ ಉಣ್ರಿ, ಚಂದ್ರ ಇನ್ನೂ ನೆರಳಿನ್ಯಾಗ ಅದಾನ,” ಎಂದು ಸುಂದರವ್ವ ಬಾಯಿ ಮುಚ್ಚಿಸುತ್ತಿದ್ದಳು. ಎಳೆಯ ತಮ್ಮನನ್ನು ಆಡಿಸಲೆಂದು ಸುಂದರವ್ವನನ್ನು ನಾಲ್ಕನೆಯ ತರಗತಿಗೇ ಶಾಲೆ ಬಿಡಿಸಿದ್ದರು. ಐದರಿಂದ ಹತ್ತರ ತನಕ ಆಕೆ ಪಾಸಾದದ್ದು ಕಿವಿಯಿಂದಲೇ. ಮಗಳು ಮುದ್ದೇಬಿಹಾಳಕ್ಕೆ ಹೋದಾಗ ಅವಳಿಗೆ ಎರಡನೆಯ ಸಲ ಶಾಲೆ ತಪ್ಪಿತು. ಮಗಳ ನೆನಪು ಎಲ್ಲ ತಾಯಂದಿರಿಗೂ ಇರುವುದೇ. ಆ ಹೇಳುವ ದನಿಯ ಹಂಬಲ ಅದಕ್ಕಿಂತ ಕೆಟ್ಟದ್ದು. ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ ಪಕ್ಕಕ್ಕೆ ನೋಡಿಬಿಡುತ್ತಿದ್ದಳು.

ದಸರಾ ಸೂಟಿಗೆ ಬಂದ ಸಾಕ್ಷಿ, ಬರೆದು ತುಂಬಿಸಿದ ಕೆಮಿಸ್ಟ್ರಿ ನೋಟ್‌ಬುಕ್ಕನ್ನು ಮನೆಯಲ್ಲೇ ಬಿಟ್ಟು ಹೋದಳು. ಸುಂದರವ್ವ ಬಿಚ್ಚಿ ನೋಡಿದಳು. ಎಲ್ಲ ಇಂಗ್ಲಿಷು. ಎಡಕ್ಕೆ ಗೆರೆಯೇನೋ ಇತ್ತು, ಪ್ರಶ್ನೆ ಒಂದೂ ಇರಲಿಲ್ಲ. ಬಲಕ್ಕೆ ಕಾಲಿಡಲು ಸಂದಿಲ್ಲದಷ್ಟು ಅಕ್ಷರ. ಕೆಳಗೆ ಮಾತ್ರ, ಪ್ರತಿ ಹಾಳೆಯಲ್ಲೂ, ನಾಲ್ಕು ಬೆರಳು ಜಾಗ ಹಾಗೆಯೇ ಉಳಿದಿತ್ತು. ಇಂಗ್ಲಿಷ್ ಓದಲು ಬಾರದಿದ್ದರೂ ಆ ಖಾಲಿ ಜಾಗವನ್ನು ಓದಲು ಅವಳಿಗೆ ಬರುತ್ತಿತ್ತು. ಹುಡುಗಿ ಯಾರ ಮುಂದೆಯೂ ಪಾಠ ಹೇಳಿಲ್ಲ.

ಫೋನಿನಲ್ಲಿ ಕೇಳೋಣವೆಂದರೆ ಮಾತು ಕೂಡಲಿಲ್ಲ. ಮರುದಿನ ಮುಂಜಾನೆ ಕತ್ತರಿ ತೆಗೆದುಕೊಂಡು ಒಂದು ಹಾಳೆಯ ಕೆಳಗಿನ ಖಾಲಿ ಪಟ್ಟಿಯನ್ನು ಕತ್ತರಿಸಿ, ರೊಟ್ಟಿಯ ಮೇಲಿಟ್ಟು ಡಬ್ಬಿ ಮುಚ್ಚಿದಳು. ಸಂಜೆ ಡಬ್ಬಿ ಬಂತು, ಪಟ್ಟಿ ಬರಲಿಲ್ಲ. ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿಯ ಎಣ್ಣೆ ತಾಗಿದ ಕಾಗದವೆಂದು ಎಸೆದಿರಬೇಕು. ಎರಡನೆಯ ದಿನವೂ ಅಷ್ಟೇ. ಮೂರನೆಯ ದಿನ ಕತ್ತರಿ ಸ್ವಲ್ಪ ಮೇಲೆ ಹೋಗಿ, ಪಟ್ಟಿಯ ಅಂಚಿಗೆ ಕೊನೆಯ ಸಾಲಿನ ಬಾಲ ಉಳಿದಿತ್ತು. ಮಧ್ಯಾಹ್ನವೇ ಫೋನು ಬಂತು.

“ಅವ್ವಾ, ನನ್ನ ನೋಟ್ಸ್ ಯಾಕ ಕತ್ತರಿಸಾಕತ್ತಿ? ಪರೀಕ್ಷಾಕ್ಕ ಬೇಕದು!”

“ಬರದದ್ದ ಕತ್ತರಿಸಿಲ್ಲ. ನೀ ಖಾಲಿ ಬಿಟ್ಟದ್ದಷ್ಟ.”

“ಎಲ್ಲಾ ಇಂಗ್ಲಿಷಿನ್ಯಾಗ ಐತವ್ವಾ. ನಿನಗ ತಿಳಿಯಂಗಿಲ್ಲ.”

“ನಿನಗ ತಿಳಿದೈತೇನು?”

ಚುಚ್ಚಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ಸಾಕ್ಷಿ ಅಳತೊಡಗಿದಳು. ಬೋರ್ಡಿನ ಮೇಲಿದ್ದುದನ್ನು ಒಂದಕ್ಷರ ಬಿಡದೆ ಇಳಿಸಿಕೊಳ್ಳುತ್ತಾಳಂತೆ. ಗೆಳತಿಯರೆಲ್ಲ ಅವಳ ನೋಟ್ಸನ್ನೇ ಝೆರಾಕ್ಸ್ ಮಾಡಿಸುತ್ತಾರಂತೆ. ಟೆಸ್ಟಿನಲ್ಲಿ ಅವರಿಗೆಲ್ಲ ಹೆಚ್ಚು, ಇವಳಿಗೇ ಕಡಿಮೆ. “ಬರಿಯೋದ ಬರೀತೇನವ್ವಾ, ಒಳಗ ಏನೂ ಇಳಿಯವಲ್ದು. ಹೇಳಬೇಕಂದ್ರ ಇಲ್ಲಿ ಯಾರ ಅದಾರ?”

ಹಂಬಲ ತನಗೊಬ್ಬಳಿಗೇ ಎಂದುಕೊಂಡಿದ್ದಳು ಹುಚ್ಚಿ ಸುಂದರವ್ವ. “ಯಾಕ, ನಾ ಸತ್ತೇನೇನು?” ಎಂದು ಗದರಿದಳು. “ಡಬ್ಬಿ ದಿನಾ ಬರ್ತೈತಿ. ಕನ್ನಡದಾಗ ಬರದ ಹಾಕು. ದಪ್ಪ ದಪ್ಪ ಅಕ್ಷರ ಬರಿ.”

ಮರುದಿನ ಸಂಜೆ ಪಟ್ಟಿ ಬಂತು. ಮನೆ ಮುಟ್ಟುವ ತಾಳ್ಮೆ ಯಾರಿಗಿದೆ? ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಅಕ್ಷರ ಅಕ್ಷರ ಕೂಡಿಸಿ ಓದಿದಳು. “ಅವ್ವಾ, ನೀ ಮಾವಿನಕಾಯಿಗೆ ಉಪ್ಪು ಹಾಕಿದರ ಅದು ನೀರು ಬಿಟ್ಟು ಸೊರಗತೈತಿ. ಒಳಗಿನ ನೀರು ಸಿಪ್ಪಿ ದಾಟಿ, ಉಪ್ಪು ಹೆಚ್ಚಿದ್ದ ಕಡೆ ಹೋಗತೈತಿ. ಇದಕ್ಕ ಆಸ್ಮೋಸಿಸ್ ಅಂತಾರ.”

ಇಪ್ಪತ್ತು ವರ್ಷ ಉಪ್ಪಿನಕಾಯಿ ಹಾಕಿದವಳಿಗೆ ತಾನು ಮಾಡುತ್ತಿದ್ದುದರ ಹೆಸರು ಈಗ ಗೊತ್ತಾಯಿತು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೊಮ್ಮೆ ಓದುವಾಗ ಕಂಡಿತು: ಪಟ್ಟಿಯ ಎಡಕ್ಕೆ ಸಾಕ್ಷಿ ಒಂದು ಗೆರೆ ಎಳೆದು, ಅದರಾಚೆಗೆ ಏನೂ ಬರೆಯದೆ ಬಿಟ್ಟಿದ್ದಳು. ಪ್ರಶ್ನೆಯ ಜಾಗವನ್ನು ಅವ್ವನಿಗೆ ಬಿಟ್ಟಿದ್ದಳು.

ಮರುದಿನ ರೊಟ್ಟಿ ಬಡಿದಾದ ಮೇಲೆ ಸುಂದರವ್ವ ಗಂಡನ ಪೆನ್ನು ತೆಗೆದುಕೊಂಡು ಕೂತಳು. ನಾಲ್ಕನೆಯ ತರಗತಿಗೇ ನಿಂತುಹೋದ ಅಕ್ಷರಗಳು, ಸೊಟ್ಟ ಸೊಟ್ಟಗೆ, ಒಂದರ ಕೆಳಗೊಂದು ಆ ಸಣ್ಣ ಜಾಗದಲ್ಲಿ ಕೂತವು. “ಹ್ವಾದ ನೀರು ಹೊಳ್ಳಿ ಬರಬೇಕಂದ್ರ ಏನು ಮಾಡಬೇಕು?”

ಪಟ್ಟಿಯನ್ನು ರೊಟ್ಟಿಯ ಮೇಲಿಟ್ಟು, ಡಬ್ಬಿ ಮುಚ್ಚಿ, ನಿಜಾಮುದ್ದೀನನ ಕೈಗೆ ಕೊಟ್ಟಳು.

“ಇವತ್ತೇನ ಸ್ಪೇಶಲ್ ಐತೇನ್ರಿ ಅವ್ವಾರ?”

“ಏನಿಲ್ಲಪ್ಪಾ, ರೊಟ್ಟಿನ. ಸಂಜಿಕಿ ತಡಾ ಮಾಡಬ್ಯಾಡ.”

ಬಸ್ಸು ಹೊರಟುಹೋಯಿತು. ಸಂಜೆಗೆ ಇನ್ನೂ ಹತ್ತು ತಾಸಿತ್ತು. ಸುಂದರವ್ವ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ಕೂತಳು.